ಹೋಟೆಲಿನ ಸೌಂಡ್ ಸಿಸ್ಟಮ್ ಸಾಕಾ?

ಪ್ರಶ್ನೆ: ಮುಂದಿನ ತಿಂಗಳು ಬೆಂಗಳೂರಿನ ಒಂದು ಹೋಟೆಲಿನಲ್ಲಿ ನಮ್ಮ ಕಂಪನಿಯ ಡೀಲರ್ಸ್ ಮೀಟ್ ಇದೆ. ರಾಜ್ಯದ ಎಲ್ಲ ಕಡೆಯಿಂದ 300 ಜನ ಬರುತ್ತಾರೆ. ಎಂಡಿ ಭಾಷಣ, ಹೊಸ ಉತ್ಪನ್ನದ ವಿಡಿಯೊ, ಐದು ಜನರ ಚರ್ಚೆ, ಆಮೇಲೆ ಸನ್ಮಾನ. ಮುಂಬೈ ಕಚೇರಿಯವರು ಆನ್‌ಲೈನ್‌ನಲ್ಲಿ ಸೇರುತ್ತಾರೆ. ಸೌಂಡ್, ಪ್ರೊಜೆಕ್ಟರ್, ಮೈಕ್ ಎಲ್ಲ ಬಾಡಿಗೆಯಲ್ಲೇ ಸೇರಿದೆ ಅಂತ ಹೋಟೆಲಿನವರು ಹೇಳ್ತಾರೆ. ಅಷ್ಟು ಸಾಕಾ? ಹೊರಗಿನವರನ್ನೂ ಕರೆಸಬೇಕಾ?

ಉತ್ತರ: ನೀವು ಬರೆದಿರುವ ಕಾರ್ಯಕ್ರಮಕ್ಕೆ ಸಾಕಾಗುವುದಿಲ್ಲ. ಹೊರಗಿನವರನ್ನು ಕರೆಸಿ.

ಹೋಟೆಲಿನವರು ಸುಳ್ಳೇನೂ ಹೇಳ್ತಿಲ್ಲ. ಇಂಥ ಹಾಲ್‌ಗಳಲ್ಲಿ ಸಾಮಾನ್ಯವಾಗಿ ಸೀಲಿಂಗ್‌ನಲ್ಲಿ ಸಣ್ಣ ಸ್ಪೀಕರ್‌ಗಳು, ಎರಡು ಕಾರ್ಡ್‌ಲೆಸ್ ಮೈಕ್, ಒಂದು ಪ್ರೊಜೆಕ್ಟರ್ ಇರುತ್ತವೆ. ಐವತ್ತು ಅರವತ್ತು ಜನರ ಸಭೆಗೆ, ಒಬ್ಬರಾದ ಮೇಲೆ ಒಬ್ಬರು ಮಾತಾಡುವ ಕಾರ್ಯಕ್ರಮಕ್ಕೆ ಅವು ಚೆನ್ನಾಗಿಯೇ ನಡೆಯುತ್ತವೆ. ಆದರೆ ಆ ಸ್ಪೀಕರ್‌ಗಳನ್ನು ಹಾಕಿರುವುದು ಪ್ರಕಟಣೆಗೆ, ಮೆಲುವಾದ ಸಂಗೀತಕ್ಕೆ. ಉತ್ಪನ್ನದ ವಿಡಿಯೊಗೆ ಬೇಕಾದ ಬೇಸ್ (ದಪ್ಪ, ತಗ್ಗಿನ ದನಿ) ಅವುಗಳಿಂದ ಬರುವುದಿಲ್ಲ. ಎರಡು ಮೈಕ್‌ನಲ್ಲಿ ಐದು ಜನರ ಚರ್ಚೆ ನಡೆಸಿದರೆ ಅರ್ಧ ಹೊತ್ತು ಮೈಕ್ ಕೈಬದಲಿಸುವುದರಲ್ಲೇ ಹೋಗುತ್ತದೆ.

ಯಾವ ವೆಂಡರ್‌ಗೂ ಫೋನ್ ಮಾಡುವ ಮೊದಲು ಅಳತೆ ಟೇಪ್ ಹಿಡಿದು ಹಾಲ್‌ಗೆ ಹೋಗಿ, ಕೊನೆಯ ಸಾಲು ಬರುವ ಜಾಗದಲ್ಲಿ ಹೋಗಿ ಕೂತುಕೊಳ್ಳಿ. ಡೀಲರ್ ಒಬ್ಬರು ಸಿಂಧನೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದು, ಮುಖ ತೊಳೆದು, ತಿಂಡಿ ತಿಂದು ಹಾಲ್‌ಗೆ ಬರುವಷ್ಟರಲ್ಲಿ ಮುಂದಿನ ಕುರ್ಚಿಗಳು ತುಂಬಿಹೋಗಿರುತ್ತವೆ. ಆ ಡೀಲರ್ ಕೂರುವುದು ಅಲ್ಲೇ. ನಿಮ್ಮ ಕಂಪನಿಯ ಮಾತು ಕೇಳುವುದಕ್ಕೇ ಅವರು ಬಂದಿರುವುದು. ಅವರಿಗೆ ಕೇಳದಿದ್ದರೆ ಉಳಿದ ಖರ್ಚೆಲ್ಲ ಯಾಕೆ?

ಈಗ ಅಳತೆ. ಹಾಲ್ 90 ಅಡಿ ಉದ್ದ, ಸೀಲಿಂಗ್ 14 ಅಡಿ ಎತ್ತರ ಅಂದುಕೊಳ್ಳಿ. ಕೊನೆಯ ಸಾಲು ಪರದೆಯಿಂದ 80 ಅಡಿ ದೂರ. ನಮ್ಮ ಕೆಲಸದಲ್ಲಿ ಒಂದು ಹಳೆಯ ಲೆಕ್ಕ ಇದೆ: ಅಕ್ಷರ ಓದಬೇಕಾದರೆ ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಯಾರೂ ಕೂರಬಾರದು. 80 ಅಡಿಗೆ 13 ಅಡಿ ಎತ್ತರದ ಪರದೆ ಬೇಕು. ಮುಂದಿನವರ ತಲೆ ಅಡ್ಡ ಬರದಂತೆ ಪರದೆಯ ಕೆಳಅಂಚು ನೆಲದಿಂದ ಐದು ಅಡಿಯಾದರೂ ಮೇಲಿರಬೇಕಲ್ವಾ? ಉಳಿಯುವುದು ಒಂಬತ್ತೇ ಅಡಿ. ಅದರಲ್ಲಿ 8 ಅಡಿ ಪರದೆ ಹಾಕಿದರೆ 48 ಅಡಿವರೆಗೆ ಕೂತವರಿಗೆ ಓದಲು ಬರುತ್ತದೆ. ಹಿಂದಿನ ಅರ್ಧ ಹಾಲ್‌ಗೆ ಬರುವುದಿಲ್ಲ. ಹಾಗಾಗಿ ನಡುವೆ, ಎರಡೂ ಗೋಡೆಯ ಕಡೆ, 7 ಅಡಿ ಎತ್ತರದ ಒಂದೊಂದು ಪರದೆ ಕೇಳಿ. ಕಂಬಗಳಿದ್ದರೆ, ತೂಗುದೀಪಗಳು ಇಳಿದುಬಂದಿದ್ದರೆ ಫೋಟೊ ತೆಗೆದು ವೆಂಡರ್‌ಗೆ ಕಳಿಸಿ. ದುಂಡು ಮೇಜು ಹಾಕುವುದಾದರೆ ವೇದಿಕೆಗೆ ಬೆನ್ನು ಬರುವ ಕುರ್ಚಿಗಳನ್ನು ತೆಗೆಸಿಬಿಡಿ. ಜಾಗ ಜಾಸ್ತಿ ಬೇಕಾಗುತ್ತದೆ, ಅದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರೊಜೆಕ್ಟರ್ ಪರದೆಯ ಬದಲು ಎಲ್‌ಇಡಿ ವಾಲ್ (ಬೆಳಕಿನ ಚುಕ್ಕೆಗಳ ಪ್ಯಾನೆಲ್ ಜೋಡಿಸಿ ಕಟ್ಟುವ ಪರದೆ) ಹಾಕಿಸುವುದಾದರೆ ಬರೀ ಅಡಿಯ ಲೆಕ್ಕದಲ್ಲಿ ದರ ಕೇಳಬೇಡಿ. ಪಿ 2.6, ಪಿ 3.9 ಅಂತ ಹೇಳುತ್ತಾರೆ. ಅದು ಎರಡು ಚುಕ್ಕೆಗಳ ನಡುವಿನ ಅಂತರ, ಮಿಲಿಮೀಟರ್‌ನಲ್ಲಿ. ಅರ್ಧ ಮೀಟರಿನ ಒಂದು ಪ್ಯಾನೆಲ್‌ನಲ್ಲಿ ಪಿ 2.6 ಆದರೆ ಅಡ್ಡಕ್ಕೆ 192 ಚುಕ್ಕೆ, ಪಿ 3.9 ಆದರೆ 128. 5 ಮೀಟರ್ ಅಗಲದ ವಾಲ್ ಕಟ್ಟಿದರೆ ಮೊದಲನೆಯದರಲ್ಲಿ 1920 ಚುಕ್ಕೆ ಸಿಗುತ್ತದೆ. ಫುಲ್ ಎಚ್‌ಡಿಯ ಅಗಲ ಅಷ್ಟೇ. ಎರಡನೆಯದರಲ್ಲಿ 1280 ಮಾತ್ರ. ವಿಡಿಯೊ ಎರಡರಲ್ಲೂ ಚೆನ್ನಾಗಿ ಕಾಣುತ್ತದೆ. ಸೇಲ್ಸ್ ಅಂಕಿ ತುಂಬಿದ ಎಕ್ಸೆಲ್ ಶೀಟ್ ಮಾತ್ರ ಎರಡನೆಯದರಲ್ಲಿ ಕಲಸಿಹೋಗುತ್ತದೆ. ನಿಮ್ಮದು ಡೀಲರ್ಸ್ ಮೀಟ್, ಅಂಕಿಗಳು ಇದ್ದೇ ಇರುತ್ತವೆ.

ದನಿಯ ವಿಷಯಕ್ಕೆ ಬಂದರೆ, ಮುಂದೆ ಎರಡು ದೊಡ್ಡ ಸ್ಪೀಕರ್ ಇಟ್ಟು ಜೋರಾಗಿ ಹಾಕಿದರೆ ಹಿಂದಿನವರಿಗೂ ಕೇಳುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಕೇಳುತ್ತದೆ, ಆದರೆ ಮಾತು ಬಿಡಿಸಿ ಕೇಳುವುದಿಲ್ಲ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಾಲ್ ಮಧ್ಯದಲ್ಲಿ ಇನ್ನೊಂದು ಜೊತೆ ಸ್ಪೀಕರ್ ಬೇಕು. ಅವುಗಳಿಗೆ ಡಿಲೇ ಕೊಡಬೇಕು. ಶಬ್ದ 10 ಮೀಟರ್ ದಾಟಲು ಸುಮಾರು 29 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಡುವಿನ ಸ್ಪೀಕರ್ 15 ಮೀಟರ್ ಹಿಂದಿದ್ದರೆ ಅದರ ದನಿಯನ್ನು ಸುಮಾರು 44 ಮಿಲಿಸೆಕೆಂಡ್ ತಡೆಹಿಡಿದು ಬಿಡಬೇಕು. ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳಿದ ಹಾಗೆ ಆಗುತ್ತದೆ. ಇದು ಮಿಕ್ಸರ್ (ಎಲ್ಲ ಮೈಕ್‌ಗಳ ದನಿ ಹೊಂದಿಸುವ ಯಂತ್ರ) ಅಥವಾ ಪ್ರೊಸೆಸರ್‌ನಲ್ಲಿ ಒಂದು ಸೆಟ್ಟಿಂಗ್ ಅಷ್ಟೇ, ದುಡ್ಡಿನ ಮಾತಲ್ಲ. ಆದರೂ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ನೀವೇ ಬಾಯಿಬಿಟ್ಟು ಕೇಳಿ.

ಇನ್ನು ಮೈಕ್. ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಇದರ ಬಗ್ಗೆ ಜಾಸ್ತಿ ಯೋಚಿಸಬೇಕು ಅಂತ ನನಗೆ ಅನ್ನಿಸುತ್ತದೆ. ಕಾಲರ್ ಮೈಕ್ ಮಾಡಿರುವುದೇ ಕಾಲರ್ ಇರುವ ಬಟ್ಟೆಗೆ, ಅದರ ಡಬ್ಬಿ ಸಿಕ್ಕಿಸಲು ಬೆಲ್ಟ್ ಬೇಕು. ರೇಷ್ಮೆ ಸೀರೆ ಉಟ್ಟು ಬಂದ ಅತಿಥಿಗೆ ಅದನ್ನು ಎಲ್ಲಿ ಸಿಕ್ಕಿಸುತ್ತೀರಿ? ಸೆರಗು ತಾಗಿದಾಗಲೆಲ್ಲ ಸರಬರ ಶಬ್ದ ಬರುತ್ತದೆ. ವೇದಿಕೆಯ ಪಕ್ಕ ನಿಂತು ಅವರಿಗೂ ಮುಜುಗರ, ಮೈಕ್ ಹಾಕುವ ಹುಡುಗನಿಗೂ ಮುಜುಗರ. ಅವರಿಗೆ ಕೈಮೈಕ್ ಕೊಡಿ, ಇಲ್ಲವೇ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕ್ ತರಿಸಿ. ಯಾವುದು ಅನುಕೂಲ ಅಂತ ಹಿಂದಿನ ದಿನವೇ ಅವರನ್ನು ಕೇಳಿ. ಸನ್ಮಾನದಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸುವಾಗ ಕಾಲರ್ ಮೈಕ್ ಅದರಡಿ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿಗೆ ಅದನ್ನು ಮ್ಯೂಟ್ ಮಾಡಬೇಕು ಅಂತ ಮಿಕ್ಸರ್ ಮುಂದೆ ಕೂತವರಿಗೆ ಮೊದಲೇ ಗೊತ್ತಿರಬೇಕು. ಪ್ರಾರ್ಥನೆ ಹಾಡುವವರಿಗೆ ಸ್ಟ್ಯಾಂಡ್ ಇರುವ ಮೈಕ್, ಅವರ ಮೊಬೈಲ್‌ನ ಶ್ರುತಿಗೆ ಒಂದು ಕೇಬಲ್ ಬೇಕು. ಇದನ್ನು ಬಹಳ ಜನ ಪಟ್ಟಿಯಲ್ಲಿ ಬರೆಯುವುದೇ ಇಲ್ಲ.

ನಿಮ್ಮ ಲೆಕ್ಕಕ್ಕೆ ಚರ್ಚೆಗೆ ಐದು ಮೈಕ್, ನಿರೂಪಕರಿಗೆ ಒಂದು, ಡೀಲರ್‌ಗಳು ಪ್ರಶ್ನೆ ಕೇಳಲು ಎರಡು, ಪೋಡಿಯಂಗೆ ವೈರ್ ಇರುವುದೊಂದು, ಹೆಚ್ಚುವರಿಯಾಗಿ ಇನ್ನೆರಡು. ಪಕ್ಕದ ಹಾಲ್‌ನಲ್ಲಿ ಮದುವೆ ಇದ್ದರೆ ಅವರ ಕಾರ್ಡ್‌ಲೆಸ್ ಮೈಕ್ ನಿಮ್ಮ ಫ್ರೀಕ್ವೆನ್ಸಿಗೇ ಬಂದು ಕೂರಬಹುದು. ಬೆಳಿಗ್ಗೆ ಒಮ್ಮೆ ಸ್ಕ್ಯಾನ್ ಮಾಡಿಸಿ. ಬ್ಯಾಟರಿ ಊಟದ ವಿರಾಮದಲ್ಲಿ ಬದಲಾಗಲಿ, ಖಾಲಿಯಾಗುವವರೆಗೆ ಕಾಯಬೇಡಿ.

ಕನ್ನಡದ ಸ್ಲೈಡ್ ಇದ್ದರೆ ಒಂದು ಮಾತು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ವೇದಿಕೆಯಲ್ಲಿ ಓಡುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ವೆಂಡರ್‌ನದು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಜೊತೆಗೆ ಒಂದು ಪಿಡಿಎಫ್ ಇಟ್ಟುಕೊಳ್ಳಿ. ಒತ್ತಕ್ಷರಗಳು ಸಣ್ಣದಾಗಿ ಕೆಳಗೆ ಕೂರುವುದರಿಂದ ಇಂಗ್ಲಿಷ್‌ಗೆ 24 ಪಾಯಿಂಟ್ ಸಾಕಾದ ಕಡೆ ಕನ್ನಡಕ್ಕೆ 28 ಇಡುವುದು ಒಳ್ಳೆಯದು.

ಮುಂಬೈಯವರು ಸೇರುವುದಕ್ಕೆ ಹೋಟೆಲಿನ ವೈಫೈ ನಂಬಬೇಡಿ. ಅದೇ ವೈಫೈಗೆ 300 ಮೊಬೈಲ್‌ಗಳು ಸೇರಿಕೊಳ್ಳುತ್ತವೆ. ಕೇಬಲ್ ಮೂಲಕ ಬರುವ ಬೇರೆ ಲೈನ್ ಕೇಳಿ, ಅಪ್‌ಲೋಡ್ ವೇಗ 10 ಎಂಬಿಪಿಎಸ್ ಆದರೂ ಇರಲಿ, ಜೊತೆಗೆ ಒಂದು 5ಜಿ ಡಾಂಗಲ್ ಇಟ್ಟುಕೊಳ್ಳಿ. ಮುಂಬೈಯವರ ದನಿ ಹಾಲ್‌ನ ಸ್ಪೀಕರ್‌ಗೆ ಬರಬೇಕು, ಆದರೆ ಅದೇ ದನಿ ಮತ್ತೆ ಮುಂಬೈಗೆ ಹೋಗಬಾರದು. ಹೋದರೆ ಅವರಿಗೆ ತಮ್ಮದೇ ಮಾತು ಒಂದು ಕ್ಷಣ ತಡವಾಗಿ ಕೇಳಿ, ಮುಂದೆ ಮಾತಾಡಲು ಆಗುವುದಿಲ್ಲ. ಇದನ್ನು ತಪ್ಪಿಸುವ ಜೋಡಣೆಗೆ ಮಿಕ್ಸ್ ಮೈನಸ್ ಎನ್ನುತ್ತಾರೆ. ಹಾಗೆಂದರೆ ಏನು ಅಂತ ಗೊತ್ತಿಲ್ಲದ ವೆಂಡರ್‌ಗೆ ಈ ಕೆಲಸ ಕೊಡಬೇಡಿ.

ಕರೆಂಟ್ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಹಾಲ್‌ನಲ್ಲಿ ಕರೆಂಟ್ ಹೋಯಿತು. ಕೆಲವೇ ಸೆಕೆಂಡಿನಲ್ಲಿ ಜನರೇಟರ್ ಬಂತು, ದೀಪ ಹತ್ತಿತು. ಡಿಜಿಟಲ್ ಮಿಕ್ಸರ್ ಮಾತ್ರ ಆಫ್ ಆಗಿ ಮತ್ತೆ ಶುರುವಾಗಲು ಒಂದು ನಿಮಿಷದ ಹತ್ತಿರ ತೆಗೆದುಕೊಂಡಿತು. ವೇದಿಕೆಯ ಮೇಲೆ ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರು ಕಣ್ಣು ತುಂಬಿ ಮಾತಾಡುತ್ತಿದ್ದರು. ಮೈಕ್ ಬರುವಷ್ಟರಲ್ಲಿ ಅವರು ಕೂತುಬಿಟ್ಟಿದ್ದರು. ಅಂದಿನಿಂದ ಮಿಕ್ಸರ್, ಲ್ಯಾಪ್‌ಟಾಪ್, ಪರದೆಯ ಚಿತ್ರ ಬದಲಿಸುವ ಸ್ವಿಚರ್, ಮೈಕ್ ರಿಸೀವರ್ ಇವಿಷ್ಟು ಯುಪಿಎಸ್ ಮೇಲೆ ಇಲ್ಲದೆ ನಾನು ಕಾರ್ಯಕ್ರಮ ಶುರು ಮಾಡಿಸುವುದಿಲ್ಲ. ಗೋಡೆಯ 16 ಆಂಪಿಯರ್ ಸಾಕೆಟ್‌ನಿಂದ ಮೂರೂವರೆ ಕಿಲೋವ್ಯಾಟ್‌ಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಎಲ್‌ಇಡಿ ವಾಲ್‌ಗೆ ಹೋಟೆಲಿನ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಫೇಸ್ ಲೈನ್ ಕೇಳಬೇಕು. ಸೌಂಡ್‌ಗೂ ಲೈಟ್‌ಗೂ ಬೇರೆ ಬೇರೆ ಫೇಸ್ ಇದ್ದರೆ ಸ್ಪೀಕರ್‌ನಲ್ಲಿ ಗುಂಯ್‌ಗುಡುವುದು ಕಡಿಮೆಯಾಗುತ್ತದೆ.

ರಾತ್ರಿ ಊಟ ಲಾನ್‌ನಲ್ಲಿ ಇಟ್ಟುಕೊಂಡರೆ ನೆನಪಿರಲಿ, ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಸಿನಿಮಾ ಹಾಡು ಹಾಕುವುದಾದರೆ ಹಾಡಿನ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಪರವಾನಗಿ ಯಾರ ಹೆಸರಲ್ಲಿ ತೆಗೆದುಕೊಳ್ಳಬೇಕು ಅಂತ ಹೋಟೆಲಿನವರ ಜೊತೆ ಮೊದಲೇ ಮಾತಾಡಿ.

ಕೊನೆಗೆ, ಹಾಲ್ ಎಷ್ಟು ಗಂಟೆಗೆ ನಿಮ್ಮ ಕೈಗೆ ಸಿಗುತ್ತದೆ? ಹಿಂದಿನ ರಾತ್ರಿ ಅಲ್ಲಿ ರಿಸೆಪ್ಷನ್ ಇದ್ದರೆ ನಿಮ್ಮವರು ಒಳಗೆ ಕಾಲಿಡುವುದೇ ಮಧ್ಯರಾತ್ರಿ. ಇಷ್ಟು ಸಾಮಾನು ಕಟ್ಟಲು ಐದಾರು ಗಂಟೆ ಬೇಕು. ಬೆಂಗಳೂರಿನಲ್ಲಿ ಹಗಲು ಟ್ರಾಫಿಕ್ ಹೊತ್ತಿನಲ್ಲಿ ದೊಡ್ಡ ಲಾರಿಗಳಿಗೆ ನಿರ್ಬಂಧ ಬೇರೆ ಇದೆ. ಆಗ ಕಡಿತ ಬೀಳುವುದು ತಾಲೀಮಿಗೇ. ದರದಲ್ಲಿ ಚೌಕಾಸಿ ಮಾಡುವ ಬದಲು ಹಿಂದಿನ ಸಂಜೆಯಿಂದಲೇ ಹಾಲ್ ಕೊಡಿ ಅಂತ ಕೇಳಿ. ಹೊರಗಿನ ವೆಂಡರ್ ಬಂದರೆ ಹೋಟೆಲ್ ಬೇರೆ ಶುಲ್ಕ ಹಾಕುತ್ತದಾ, ಕರೆಂಟ್‌ಗೆ ಎಷ್ಟು ಅನ್ನುವುದನ್ನೂ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ತಾಲೀಮಿಗೆ ಎರಡು ಗಂಟೆ ಇಡಿ. ಮಿನಿಟ್ ಟು ಮಿನಿಟ್ ಪಟ್ಟಿ ಹಿಡಿದು ಎಂಡಿ ಬದಲು ಯಾರಾದರೂ ಪೋಡಿಯಂನಲ್ಲಿ ನಿಲ್ಲಲಿ, ಪ್ರತಿ ವಿಡಿಯೊ ಪೂರ್ತಿ ಓಡಲಿ, ಮುಂಬೈಯವರೂ ಸೇರಲಿ. ನೀವು ಮಾತ್ರ ಮುಂದೆ ನಿಲ್ಲಬೇಡಿ, ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿ. ಒಂದು ಪದ ತಪ್ಪಿದರೂ ಅಲ್ಲಿಂದಲೇ ಕೈ ಎತ್ತಿ.