ತಡವಾಗಿ ಸುಳಿವು ಕೊಡುವ ವಿಷಗಳು

ವಿಷಕಾರಿ ರಾಸಾಯನಿಕಗಳ ಅಧ್ಯಾಯ ಬಂದಾಗ ನಾವೆಲ್ಲ ಪುಟದ ನಡುವೆ ಗೆರೆ ಎಳೆದು ಒಂದು ಕಡೆ ತೀವ್ರ ವಿಷತ್ವ, ಇನ್ನೊಂದು ಕಡೆ ದೀರ್ಘಕಾಲಿಕ ವಿಷತ್ವ ಎಂದು ಬರೆದು ಮುಗಿಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಪ್ರಯೋಗಾಲಯಕ್ಕೋ ಕಾರ್ಖಾನೆಗೋ ಕಾಲಿಡುವವರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ವಿಷ ತಾಗಿದ ಎಷ್ಟು ಹೊತ್ತಿಗೆ ಮೈಗೆ ಅದರ ಅರಿವಾಗುತ್ತದೆ?

ಗಾಢ ಸಲ್ಫ್ಯೂರಿಕ್ ಆಮ್ಲ ಸಿಡಿದರೆ ಚರ್ಮ ಉರಿಯುತ್ತದೆ, ಕೈ ತಾನಾಗಿ ನಲ್ಲಿಯತ್ತ ಹೋಗುತ್ತದೆ. ಗಾಜು ಕೊರೆಯಲು ಮತ್ತು ಸೆಮಿಕಂಡಕ್ಟರ್ ತಯಾರಿಕೆಯಲ್ಲಿ ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಹಾಗಲ್ಲ. ಪಠ್ಯಪುಸ್ತಕ ಅದನ್ನು ‘ದುರ್ಬಲ ಆಮ್ಲ’ ಎನ್ನುತ್ತದೆ. ನಾವು ಎಡವುವುದೇ ಇಲ್ಲಿ. ದುರ್ಬಲ ಎಂದರೆ ಅಯಾನುಗಳಾಗಿ ಹೆಚ್ಚು ಒಡೆಯದ್ದು ಎಂದರ್ಥವೇ ಹೊರತು ನಿರಪಾಯಕಾರಿ ಎಂದಲ್ಲ. ಒಡೆಯದ ಅಣುಗಳು ಚರ್ಮ ದಾಟಿ ಆಳಕ್ಕಿಳಿಯುತ್ತವೆ, ಅಲ್ಲಿ ಫ್ಲೋರೈಡ್ ಅಯಾನು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಲಯವೇ ತಪ್ಪುತ್ತದೆ. ತೆಳು ದ್ರಾವಣ ತಾಗಿದಾಗ ನೋವು ಶುರುವಾಗಲು ಹಲವು ಗಂಟೆಗಳೇ ಬೇಕಾಗಬಹುದು. ಆದ್ದರಿಂದ ನೋವಿಲ್ಲದಿದ್ದರೂ ಕೂಡಲೇ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಹೋಗಬೇಕು.

ಫಾಸ್ಜೀನ್ ಅನಿಲದ್ದೂ ಇದೇ ಜಾತಿಯ ಮೋಸ. ಉಸಿರಾಡಿದವರು ಹಲವು ಗಂಟೆ ಆರಾಮವಾಗಿಯೇ ಇದ್ದು, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು.

ತಿಂಗಳುಗಳ ಲೆಕ್ಕಕ್ಕೆ ಬಂದರೆ ಕ್ಯಾರೆನ್ ವೆಟರ್‌ಹಾನ್ ಅವರ ಪ್ರಕರಣ ನೆನಪಾಗದೆ ಇರದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ, ವಿಷಲೋಹಗಳಲ್ಲೇ ಪರಿಣತಿ ಪಡೆದವರು. 1996ರ ಆಗಸ್ಟ್‌ನಲ್ಲಿ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಕೆಲವೇ ಹನಿಗಳು ಬಿದ್ದವು. ಕೈಗವಸು ಹಾಕಿಕೊಂಡಿದ್ದರು, ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿಯೇ ಕೆಲಸ ಮಾಡುತ್ತಿದ್ದರು. ಅಂದಿನ ನಿಯಮಗಳ ಪ್ರಕಾರ ಅವರದೇನೂ ತಪ್ಪಿರಲಿಲ್ಲ. 1997ರ ಜನವರಿ ಹೊತ್ತಿಗೆ ನಡಿಗೆ ತಡವರಿಸಿತು, ಮಾತು ತೊದಲಿತು. ಕಾರಣ ಪತ್ತೆಯಾಗುವಷ್ಟರಲ್ಲಿ ಮಿದುಳಿಗೆ ಹಾನಿಯಾಗಿತ್ತು. ಜೂನ್‌ನಲ್ಲಿ ತೀರಿಕೊಂಡರು. ಆ ದ್ರವ ಲೇಟೆಕ್ಸ್ ಅನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಆಮೇಲೆ ನಡೆದ ಪರೀಕ್ಷೆಯಲ್ಲಿ ತಿಳಿಯಿತು. ‘ಕೈಗವಸು ಧರಿಸಿ’ ಎಂದು ಟಿಪ್ಪಣಿಯಲ್ಲಿ ಬರೆದುಕೊಳ್ಳುವವರು ‘ಯಾವ ದ್ರವಕ್ಕೆ ಯಾವ ಕೈಗವಸು’ ಎಂಬುದನ್ನೂ ಸೇರಿಸಿಕೊಳ್ಳಿ.

ಇನ್ನು ವರ್ಷಗಟ್ಟಲೆ ತಡ ಮಾಡುವುದು ಬೆಂಜೀನ್. ಇದನ್ನು ಟೊಲುಯೀನ್ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಇಡೀ ಅಧ್ಯಾಯದಲ್ಲೇ ಇಷ್ಟವಾದ ಭಾಗ ತೆರೆದುಕೊಳ್ಳುತ್ತದೆ. ಎರಡರ ನಡುವಿನ ವ್ಯತ್ಯಾಸ ಟೊಲುಯೀನ್‌ನಲ್ಲಿ ಉಂಗುರಕ್ಕೆ ಅಂಟಿಕೊಂಡ ಒಂದೇ ಒಂದು ಮೀಥೈಲ್ ಗುಂಪು (CH₃). ಟೊಲುಯೀನ್ ಒಳಸೇರಿದಾಗ ಯಕೃತ್ತು ಮುಖ್ಯವಾಗಿ ಆ ಗುಂಪನ್ನೇ ಹಿಡಿದು ಬೆಂಜೋಯಿಕ್ ಆಮ್ಲವಾಗಿಸುತ್ತದೆ, ಅದು ಹಿಪ್ಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬೀಳುತ್ತದೆ. ಬೆಂಜೀನ್‌ಗೆ ಅಂಥ ಹಿಡಿಕೆ ಇಲ್ಲ. ಕಿಣ್ವಗಳು ಆರು ಕಾರ್ಬನ್‌ಗಳ ಉಂಗುರದ ಮೇಲೆಯೇ ಕೈಯಿಡಬೇಕಾಗುತ್ತದೆ. ಫೀನಾಲ್, ಹೈಡ್ರೋಕ್ವಿನೋನ್ ಮುಂತಾದವು ಹುಟ್ಟಿ ಅಸ್ಥಿಮಜ್ಜೆಯನ್ನು ಕಾಡುತ್ತವೆ. ರಕ್ತಹೀನತೆ ಮತ್ತು ರಕ್ತದ ಕ್ಯಾನ್ಸರ್‌ನ ಬೇರು ಅಲ್ಲಿದೆ. ವಿಷವನ್ನು ಹೊರಹಾಕಲು ಹೊರಟ ದೇಹ ತಾನೇ ಇನ್ನಷ್ಟು ವಿಷ ತಯಾರಿಸಿಕೊಂಡಂತಾಯಿತು. ಹಾಗೆಂದು ಟೊಲುಯೀನ್ ಸಾಧುವಲ್ಲ, ಅದು ನರಮಂಡಲದ ಮೇಲೆ ಬೀಳುತ್ತದೆ.

ಬೆಂಜೀನ್ ಸಿಹಿವಾಸನೆಯ ದ್ರವ, ಮೂಗಿಗೆ ಗೊತ್ತಾಗುತ್ತದಲ್ಲ ಎನ್ನಬಹುದು. ಅಮೆರಿಕದ ಕೆಲಸದ ಸ್ಥಳಗಳಲ್ಲಿ 8 ಗಂಟೆಗಳ ಸರಾಸರಿ ಮಿತಿ 1 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಹೆಚ್ಚಿನವರ ಮೂಗಿಗೆ ಅದರ ವಾಸನೆ ತಿಳಿಯುವುದು ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಸೇರಿದ ಮೇಲೆ.