ಬೋರ್ಡ್ ಮೇಲಿನ ಪಿ.ಬಿ.ಗೂ ಲೋಟದ ರುಚಿಗೂ ಏನು ಸಂಬಂಧ?

ಕಾಫಿಪುಡಿ ಅಂಗಡಿಯ ಬೋರ್ಡ್ ನೋಡಿರುತ್ತೀರಿ, ಅಲ್ವಾ? ಪಿ.ಬಿ., ಪ್ಲಾಂಟೇಶನ್ ಎ, ರೋಬಸ್ಟಾ ಚೆರಿ, ಚಿಕೋರಿ. ಪಕ್ಕದಲ್ಲಿ ರೇಟು. ಅಂಗಡಿಗೆ ಬರುವ ಬಹಳ ಜನ ಬೇರೇನೂ ಕೇಳದೆ "ಪಿ.ಬಿ. ಕೊಡಿ" ಅನ್ನುತ್ತಾರೆ. ರೇಟು ಜಾಸ್ತಿ ಇದೆ, ರುಚಿಯೂ ಜಾಸ್ತಿ ಇರಬೇಕು ಅನ್ನುವ ಲೆಕ್ಕ. ಬೀಜ ಹುರಿದು ಪುಡಿ ಮಾಡಿ ಮಾರುವುದು ನನ್ನ ಕಸುಬು. ಆ ಬೋರ್ಡಿನ ಅರ್ಧ ಹೆಸರುಗಳು ಹೇಳುವುದು ಬೀಜದ ಆಕಾರ, ಗಾತ್ರವನ್ನು ಮಾತ್ರ.

ಪಿ.ಬಿ. ಅಂದರೆ ಪೀಬೆರಿ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ, ಚಪ್ಪಟೆ ಮುಖಗಳನ್ನು ಎದುರುಬದುರು ಮಾಡಿಕೊಂಡು ಕೂತಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದು ಬೀಜ ಬೆಳೆಯುವುದೇ ಇಲ್ಲ. ಉಳಿದದ್ದು ಇರುವ ಜಾಗವನ್ನೆಲ್ಲ ತುಂಬಿಕೊಂಡು ಗುಂಡಗಾಗುತ್ತದೆ. ಅದೇ ಗಿಡ, ಅದೇ ರೆಂಬೆ. ಗುಂಡಗಿರುವ ಬೀಜ ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳುತ್ತದೆ, ಸಮನಾಗಿ ಬೇಯುತ್ತದೆ. ಆ ಮಟ್ಟಿಗೆ ಲಾಭ ಇದೆ. ಆದರೆ ಸುಮಾರಾದ ತೋಟದ ಪಿ.ಬಿ.ಗಿಂತ ಒಳ್ಳೆಯ ತೋಟದ ಪ್ಲಾಂಟೇಶನ್ ಎ ಎಷ್ಟೋ ವಾಸಿ. ಎಎ, ಎ, ಬಿ ಅನ್ನುವುದೂ ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ಒಣಗಿದ ಬೀಜದ ಹೊಟ್ಟು ಬಿಡಿಸಿ ವಿಂಗಡಿಸುವ ಕಾರ್ಖಾನೆಯ, ಜರಡಿ ಲೆಕ್ಕವೇ.

ಅರೇಬಿಕಾ, ರೋಬಸ್ಟಾ ಅನ್ನುವ ಭೇದ ಮಾತ್ರ ನಿಜವಾದದ್ದು; ಅವು ಕಾಫಿಯ ಎರಡು ಬೇರೆ ಜಾತಿಗಳು. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ 1.2, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಸಕ್ಕರೆ ಅಂಶ ಅರೇಬಿಕಾದಲ್ಲೇ ಜಾಸ್ತಿ. ಅದಕ್ಕೇ ಒಂದರಲ್ಲಿ ಪರಿಮಳ, ಎಳೆ ಹುಳಿ; ಇನ್ನೊಂದರಲ್ಲಿ ಕಹಿ, ಗಟ್ಟಿ ಡಿಕಾಕ್ಷನ್. ಎತ್ತರವೂ ಸೇರಿಕೊಳ್ಳುತ್ತದೆ. ಬಾಬಾಬುಡನ್‌ಗಿರಿಯಂಥ ಕಡೆ, 1,000 ಮೀಟರಿಗಿಂತ ಮೇಲೆ, ತಂಪಿಗೆ ಹಣ್ಣು ನಿಧಾನವಾಗಿ ಮಾಗುತ್ತದೆ. ಬೀಜ ಗಟ್ಟಿಯಾಗುತ್ತದೆ, ರುಚಿ ತುಂಬಿಕೊಳ್ಳಲು ಪುರುಸೊತ್ತು ಸಿಗುತ್ತದೆ. ತಳಿಯ ಪಾತ್ರವೂ ಇದೆ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್. 795 ನಮ್ಮ ಹಳೆಯ ನಂಬಿಕಸ್ಥ ಅರೇಬಿಕಾ. 2007ರಲ್ಲಿ ಬಂದ ಚಂದ್ರಗಿರಿ ಕುಳ್ಳ ಗಿಡ, ಒಳ್ಳೆ ಇಳುವರಿ. ಲೋಟದಲ್ಲಿ ನನ್ನ ಓಟು ಇನ್ನೂ 795ಕ್ಕೇ.

ಇಷ್ಟೆಲ್ಲ ಇದ್ದರೂ, ಕೊಯ್ದ ಮೇಲೆ ಹಣ್ಣಿಗೆ ಏನು ಮಾಡಿದರು ಅನ್ನುವುದೇ ನನ್ನ ಪ್ರಕಾರ ದೊಡ್ಡ ವಿಷಯ.

ಎರಡು ದಾರಿ ಇವೆ. ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಬೀಜಕ್ಕಂಟಿದ ಲೋಳೆಯನ್ನು ತೊಟ್ಟಿಯಲ್ಲಿ ಹುಳಿಸಿ ತೊಳೆದು, ಕಣದಲ್ಲಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಅರೇಬಿಕಾ ಪಾರ್ಚ್‌ಮೆಂಟ್ ಕ್ಯೂರಿಂಗ್ ಆಗಿ ಬಂದರೆ ಅದನ್ನೇ ಅಂಗಡಿಯಲ್ಲಿ ಪ್ಲಾಂಟೇಶನ್ ಅನ್ನುತ್ತೇವೆ. ರುಚಿ ತಿಳಿಯಾಗಿರುತ್ತದೆ, ಹುಳಿ ಎದ್ದು ಕಾಣುತ್ತದೆ. ಇನ್ನೊಂದು ದಾರಿ ಚೆರಿ. ಹಣ್ಣನ್ನು ಇಡಿಯಾಗಿ ಬಿಸಿಲಿಗೆ ಹರವುವುದು. ಸಿಪ್ಪೆ, ತಿರುಳಿನ ಜೊತೆಗೇ ವಾರಗಟ್ಟಲೆ ಒಣಗುವುದರಿಂದ ರುಚಿ ಮಂದವಾಗುತ್ತದೆ, ಹುಳಿ ತಗ್ಗುತ್ತದೆ.

ಎರಡರಲ್ಲೂ ಕೆಡಿಸಲು ಬೇಕಾದಷ್ಟು ಅವಕಾಶ ಇದೆ. ಹಣ್ಣು ಮೂಟೆಯಲ್ಲೇ ರಾತ್ರಿ ಕಳೆದರೆ, ತೊಟ್ಟಿಯಲ್ಲಿ ಹೊತ್ತು ಮೀರಿದರೆ ಕೆಟ್ಟ ಹುಳಿ ಹತ್ತುತ್ತದೆ. ಕಣದಲ್ಲಿ ದಪ್ಪಗೆ ಹರವಿ ಕೈಯಾಡಿಸದೆ ಬಿಟ್ಟರೆ ಮುಗ್ಗಲು ವಾಸನೆ. ಪಾರ್ಚ್‌ಮೆಂಟ್‌ನಲ್ಲಿ ತೇವ ಶೇ 10ಕ್ಕೆ ಇಳಿಯಬೇಕು. ಡಿಸೆಂಬರ್‌ನಲ್ಲಿ ಅಕಾಲ ಮಳೆ ಹಿಡಿದರೆ ಬೆಳೆಗಾರರ ಪಾಡು ಕೇಳಬೇಡಿ. ಹೀಗೆ ಕೆಟ್ಟ ಬೀಜ ಜರಡಿಯಲ್ಲಿ ಎಎ ಆಗಿಯೇ ನಿಲ್ಲುತ್ತದೆ, ಆದರೆ ಹುರಿಯುವಾಗ ಮೂಗಿಗೆ ಗೊತ್ತಾಗುತ್ತದೆ.

ರೋಬಸ್ಟಾಗೆ ಕೆಟ್ಟ ಹೆಸರು ಬಂದಿರುವುದಕ್ಕೂ ಇದೇ ಮುಖ್ಯ ಕಾರಣ. ನಮ್ಮಲ್ಲಿ ಹೆಚ್ಚಿನ ರೋಬಸ್ಟಾ ಚೆರಿಯಾಗಿಯೇ ಒಣಗುತ್ತದೆ. ಹಣ್ಣನ್ನೂ ಕಾಯನ್ನೂ ಒಟ್ಟಿಗೆ ಉದುರಿಸಿ, ಒಟ್ಟಿಗೇ ಹರವುತ್ತಾರೆ. ಅದೇ ರೋಬಸ್ಟಾದ ಮಾಗಿದ ಹಣ್ಣನ್ನಷ್ಟೇ ಆರಿಸಿ ಪಾರ್ಚ್‌ಮೆಂಟ್ ಮಾಡಿದರೆ ಆ ಒರಟುತನ ಎಷ್ಟೋ ಕಡಿಮೆಯಾಗುತ್ತದೆ. ಕಾಪಿ ರಾಯಲ್ ಅನ್ನುವ ದುಬಾರಿ ಬೀಜ ಬರುವುದು ಇದರಿಂದಲೇ. ಹಾಲಿಗೆ ಎದೆಕೊಟ್ಟು ನಿಲ್ಲುವುದರಲ್ಲಿ ಅರೇಬಿಕಾ ಇದರ ಮುಂದೆ ಸೋಲುತ್ತದೆ.

ಮಂಗಳೂರಿನ ಕಡೆ ಮೂರನೆಯ ಆಟವೊಂದಿದೆ: ಚೆರಿ ಬೀಜವನ್ನು ಜೂನ್‌ನಿಂದ ಮುಂಗಾರಿನ ತೇವದ ಗಾಳಿಗೆ ಬೇಕೆಂದೇ ಒಡ್ಡುತ್ತಾರೆ. ಬೀಜ ಊದಿ ಬಿಳಿಚಿಕೊಳ್ಳುತ್ತದೆ, ಹುಳಿ ಹೋಗಿಬಿಡುತ್ತದೆ. ಮಾನ್‌ಸೂನ್ಡ್ ಮಲಬಾರ್ ಅಂದರೆ ಇದು. ಯುರೋಪಿನವರಿಗೆ ಪ್ರಾಣ, ನನಗೇನೋ ಅಷ್ಟಕ್ಕಷ್ಟೆ.

ಇನ್ನು ಹುರಿಯುವುದು. ಕಪ್ಪಗೆ ಹುರಿದಷ್ಟೂ ತೋಟ, ತಳಿ, ಎತ್ತರ ಎಲ್ಲ ಅಳಿಸಿಹೋಗಿ ಸುಟ್ಟ ಕಹಿಯೊಂದೇ ಉಳಿಯುತ್ತದೆ. ಅದರ ಮೇಲೆ ಚಿಕೋರಿ, ಅಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಕಾನೂನು ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇದ್ದರೆ ಸಾಕು, ಉಳಿದ 49ರವರೆಗೂ ಚಿಕೋರಿ ಆಗಬಹುದು. ಪ್ರಮಾಣ ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿ ಕೊಳ್ಳಿ. ಕಪ್ಪಗೆ ಹುರಿದು 40 ಚಿಕೋರಿ ಬೆರೆಸುವುದಾದರೆ ಪಿ.ಬಿ.ಗೆ ಸುಮ್ನೆ ಯಾಕೆ ದುಡ್ಡು ಹಾಕುತ್ತೀರಿ? ರೋಬಸ್ಟಾ ಚೆರಿಯೇ ಸಾಕು.

ಹಾಲು ಹಾಕುವ ಫಿಲ್ಟರ್ ಕಾಫಿಗೆ ನಾನು ಕೊಡುವುದು ಪ್ಲಾಂಟೇಶನ್ ಎ 60, ರೋಬಸ್ಟಾ ಪಾರ್ಚ್‌ಮೆಂಟ್ 40, ಮಧ್ಯಮ ಹದಕ್ಕೆ ಹುರಿದದ್ದು. ಹಾಲಿಲ್ಲದೆ ಕುಡಿಯುವವರಿಗೆ ಬರೀ ಪ್ಲಾಂಟೇಶನ್, ಇನ್ನೂ ಸ್ವಲ್ಪ ತೆಳುವಾಗಿ ಹುರಿದು. ಯಾವುದೇ ಆಗಲಿ, ಹುರಿದದ್ದು ಯಾವತ್ತು ಅಂತ ಮೊದಲು ಕೇಳಿ. ಕಾಲು ಕೆಜಿಗಿಂತ ಜಾಸ್ತಿ ಪುಡಿ ಒಟ್ಟಿಗೆ ಒಯ್ಯಬೇಡಿ.