ಉಳಿತಾಯ ಬಜೆಟ್ ಇದ್ದರೂ ಮೋರಿ ರಿಪೇರಿಗೆ ದುಡ್ಡಿಲ್ಲವೇ?

ಪ್ರಶ್ನೆ: ನಗರಸಭೆಯಲ್ಲಿ ವರ್ಷವರ್ಷವೂ ಉಳಿತಾಯ ಬಜೆಟ್ ಮಂಡಿಸುತ್ತಾರೆ. ವಾರ್ಡಿನ ಮೋರಿ ಒಡೆದಿದೆ ಅಂತ ಹೋದರೆ ‘ಅನುದಾನ ಇಲ್ಲ’ ಅನ್ನುತ್ತಾರೆ. ಯಾವುದು ನಿಜ? – ಓದುಗರು, ಚಿಕ್ಕಬಳ್ಳಾಪುರ

ಎರಡೂ ನಿಜವಿರಬಹುದು. ಬಜೆಟ್ಟಿನ ‘ಉಳಿತಾಯ’ ಹಿಂದಿನ ವರ್ಷದಿಂದ ಉಳಿದು ಬಂದ ಹಣವನ್ನೂ (ಆರಂಭಿಕ ಶಿಲ್ಕು) ಸೇರಿಸಿ ಹಾಕಿದ ಲೆಕ್ಕ. ಒಂದು ಕಲ್ಪಿತ ಉದಾಹರಣೆ: ಆರಂಭಿಕ ಶಿಲ್ಕು 20 ಕೋಟಿ, ವರ್ಷದ ಜಮೆ 60 ಕೋಟಿ, ಖರ್ಚು 78 ಕೋಟಿ. ಪತ್ರಿಕೆಯಲ್ಲಿ ಬರುವುದು ‘2 ಕೋಟಿ ಉಳಿತಾಯ’. ಆ ವರ್ಷದ್ದಷ್ಟೇ ನೋಡಿದರೆ 18 ಕೋಟಿ ಕೊರತೆ. ಹಳೆಯ ಗಂಟು ಕರಗಿದೆ.

ಜಮೆಯ ಅಂಕಿಯೂ ಬರೀ ಅಂದಾಜು. ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆಗಳ ಹಳೇ ಬಾಕಿಯೆಲ್ಲ ಈ ವರ್ಷವೇ ವಸೂಲಾಗುತ್ತದೆ ಎಂದು ಬರೆದುಕೊಂಡರೆ ಬಜೆಟ್ ಚೆನ್ನಾಗಿಯೇ ಕಾಣುತ್ತದೆ. ಕಾಗದಕ್ಕೇನು, ತಡೆದುಕೊಳ್ಳುತ್ತದೆ.

ಇನ್ನು ಕೈಗೆ ಬಂದ ದುಡ್ಡು. ಅದರಲ್ಲಿ ಬಹುಪಾಲಿಗೆ ಮೊದಲೇ ಬಾಬತ್ತು ಗೊತ್ತಾಗಿರುತ್ತದೆ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ವೇತನ ಅನುದಾನ ಸಂಬಳಕ್ಕೆ, ವಿದ್ಯುತ್ ಅನುದಾನ ಬೆಸ್ಕಾಂ ಬಿಲ್ಲಿಗೆ. ಕೇಂದ್ರದ 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಇಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ, ಅರ್ಧ ನೈರ್ಮಲ್ಯ, ಕಸ ವಿಲೇವಾರಿಗೆ. ಮಿಕ್ಕ ಶೇ 40ನ್ನೂ ಸಂಬಳಕ್ಕೆ ಮುಟ್ಟುವಂತಿಲ್ಲ. ನಗರಸಭೆಯ ಸ್ವಂತ ನಿಧಿಯಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎತ್ತಿಡಬೇಕು. ಒಡೆದ ಮೋರಿಗೆ ಸಿಗುವುದು ಇದೆಲ್ಲ ಕಳೆದು ಉಳಿದದ್ದು, ಇಲ್ಲವೇ ಎಸ್‌ಎಫ್‌ಸಿ ಮುಕ್ತನಿಧಿ, ಅಂದರೆ ಬಾಬತ್ತು ಕಟ್ಟದ ಅನುದಾನ.

ಶಿಲ್ಕು ದಪ್ಪಗಿದೆ ಎಂದೂ ನಂಬಬೇಡಿ. ತೆರಿಗೆಯ ಜೊತೆ ಕಟ್ಟಿಸಿಕೊಳ್ಳುವ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ನಗರಸಭೆಯದ್ದಲ್ಲ. ಗುತ್ತಿಗೆದಾರರ ಠೇವಣಿಯೂ ಅಲ್ಲ. ಅವನ್ನು ದಾಟಿಸದೆ ಇಟ್ಟುಕೊಂಡರೆ, ಮಾರ್ಚ್‌ನಲ್ಲಿ ಬಿಲ್ಲುಗಳನ್ನು ಏಪ್ರಿಲ್‌ಗೆ ತಳ್ಳಿದರೆ ಶಿಲ್ಕು ತಾನಾಗಿ ಉಬ್ಬುತ್ತದೆ. ಬಜೆಟ್ ಪುಸ್ತಕದ ‘ಅಸಾಧಾರಣ’ ಭಾಗವನ್ನು ಯಾರೂ ಓದುವುದಿಲ್ಲ, ಈ ಪರರ ದುಡ್ಡೆಲ್ಲ ಅಲ್ಲೇ ಇರುತ್ತದೆ.

ಹಾಗಾದರೆ ನಗರಸಭೆಯ ಹಣಕಾಸಿನ ಆರೋಗ್ಯ ಅಳೆಯುವುದು ಹೇಗೆ? ಅನುದಾನ ಬಿಟ್ಟು ಸ್ವಂತ ಆದಾಯ ಎಷ್ಟು, ಅದು ನೀರು, ಕಸ, ಬೀದಿದೀಪ, ಹೊರಗುತ್ತಿಗೆ ಕೂಲಿಯ ದಿನನಿತ್ಯದ ಖರ್ಚಿಗೆ ಸಾಕಾಗುತ್ತದೆಯೇ ನೋಡಿ. ಸಾಮಾನ್ಯವಾಗಿ ದುಡ್ಡು ಸೋರುವುದು ನೀರಿನ ಲೆಕ್ಕದಲ್ಲಿ. ಜಕ್ಕಲಮಡಗು ಜಲಾಶಯದ ನೀರಿನ ಜೊತೆ ಬೋರ್‌ವೆಲ್ ನೀರನ್ನೂ ಎತ್ತಬೇಕಾದ ಊರಿನಲ್ಲಿ ಪಂಪಿನ ಕರೆಂಟು, ಮೋಟಾರ್ ರಿಪೇರಿ ನಿಲ್ಲುವುದಿಲ್ಲ. ಮೀಟರಿಲ್ಲದ ನಲ್ಲಿಗೆ ತಿಂಗಳ ನಿಗದಿ ದರ, ಅದರಲ್ಲೂ ಬಾಕಿ. ಅಕ್ರಮ ಸಂಪರ್ಕದಿಂದ ಬಿಡಿಗಾಸಿಲ್ಲ.

ಬಜೆಟ್ ಭಾಷಣಕ್ಕಿಂತ ಮೂರು ಕಾಗದ ಮುಖ್ಯ: ಬೇಡಿಕೆ–ವಸೂಲಿ–ಬಾಕಿ ತಃಖ್ತೆ (ತೆರಿಗೆ, ಕಂದಾಯ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ಉಳಿಯಿತು ಎಂಬ ಪಟ್ಟಿ), ಪಾವತಿಯಾಗದ ಬಿಲ್ಲುಗಳ ಪಟ್ಟಿ, ಲೆಕ್ಕಪರಿಶೋಧಿತ ಬ್ಯಾಲೆನ್ಸ್ ಶೀಟ್. ವೆಬ್‌ಸೈಟಿನಲ್ಲಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕೇಳಿ. ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ಅರ್ಜಿ ವಾಪಸ್ ಬರಬಹುದು, ಮೂರು ಅರ್ಜಿ ಹಾಕಿ.